ಬಾವಿಯ ಮನೆಯಲ್ಲಿ ಮಾವನ ಕಾಯಿ

ನಮ್ಮ ಮಾವ, ಅಂದರೆ ಅಮ್ಮನ ತಮ್ಮ, ಮುಳಬಾಗಿಲು ಕಡೆ ಬೋರ್‌ವೆಲ್‌ಗೆ ಪಾಯಿಂಟ್ ನೋಡುತ್ತಿದ್ದವನು. ಜುಟ್ಟಿರುವ ತೆಂಗಿನಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ಹೊಲದಲ್ಲಿ ನಡೆಯುವುದು. ಕೆಳಗೆ ನೀರಿದ್ದರೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ ಎಂಬುದು ನಂಬಿಕೆ. ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುವವಳು. ಏಳಿಸುವುದು ನೀರಲ್ಲ, ನಿನ್ನ ಮಣಿಕಟ್ಟು ಎಂದು ಅವನನ್ನು ರೇಗಿಸುತ್ತಿದ್ದೆ. ಆದರೂ ಅವನು ಕಾಯಿ ಹಿಡಿದು ಹೊರಟರೆ ಇರುವ ಕೆಲಸ ಬಿಟ್ಟು ಹಿಂದೆ ಓಡುತ್ತಿದ್ದವಳೂ ನಾನೇ.

ಕೆಲವು ವರ್ಷಗಳಿಂದ ಕಾಯಿ ಏಳುವುದನ್ನೇ ಬಿಟ್ಟಿತ್ತು. ಅಮ್ಮನ ಹೊಲದಲ್ಲಿ ಮೂಲೆ ಮೂಲೆ ತಿರುಗಿದರೂ ಹಸುಗೂಸಿನ ಹಾಗೆ ಮಲಗೇ ಇತ್ತು. ಕೈಗುಣ ಹೋಯಿತು ಎಂದರು ಊರವರು. ಮಾವನೂ ಅದನ್ನೇ ನಂಬಿ ಕಾಯಿ ಕೆಳಗಿಟ್ಟ. ಅಮ್ಮ ಮಾತ್ರ ಆಸೆ ಬಿಡಲಿಲ್ಲ. ಗಡಿಯಾಚೆ ಆಂಧ್ರದಲ್ಲಿ ಒಳ್ಳೆ ಕೈಯವರೊಬ್ಬರು ಇದ್ದಾರಂತೆ, ಸಂಕ್ರಾಂತಿ ಕಳೆದ ಮೇಲೆ ಬರುತ್ತಾರಂತೆ, ಅವರು ನೀರು ತೋರಿಸಿದರೆ ಆ ಹೊಲಕ್ಕೆ ಮತ್ತೆ ಹಿಪ್ಪುನೇರಳೆ ಹಾಕುವುದೇ ಎಂದು ಕೂತಿದ್ದಳು.

ಈ ನಡುವೆ ದಸರಾ ರಜೆಯಲ್ಲಿ ಇಬ್ಬರನ್ನೂ ಕರಾವಳಿಗೆ ಕರೆದುಕೊಂಡು ಹೋದೆ. ಕಡಲ ದಂಡೆಯ ಸಣ್ಣ ಊರೊಂದರಲ್ಲಿ ಹಳೆಯ ಹೆಂಚಿನ ಮನೆಯನ್ನು ರಿಪೇರಿ ಮಾಡಿ ಆ ಊರಿನ ಚರಿತ್ರೆಯ ಮ್ಯೂಸಿಯಂ ಮಾಡಿದ್ದಾರೆ. ದೋಣಿಯ ಹುಟ್ಟು, ಹಡಗಿನ ಲಾಟೀನು, ಮಗು ಅವಿತು ಕೂರುವಷ್ಟು ದೊಡ್ಡ ಭರಣಿ. ಬೋರ್ಡು ಕಂಡರೆ ಓದದೆ ಮುಂದೆ ಹೋಗುವವಳಲ್ಲ ನಾನು. ಅಮ್ಮನಿಗೋ ಕೋಲಾರ ದಾಟಿದರೆ ಎಲ್ಲವೂ ಹೊಸತೇ.

"ಸೂರು ಇಷ್ಟು ಕೆಳಗಿದ್ರೆ ತಲೆ ತಗಲಲ್ವಾ?" ಎಂದು ಕೇಳಿದಳು.

"ಇರಚಲು ಒಳಗೆ ಬರಬಾರದಲ್ಲ," ಎಂದರು ಮ್ಯೂಸಿಯಂ ನೋಡಿಕೊಳ್ಳುವ ಹೆಂಗಸು. ಮಳೆ ಅಡ್ಡಡ್ಡಲಾಗಿ ಮನೆಯೊಳಗೆ ನುಗ್ಗುವುದನ್ನು ಅಮ್ಮ ಕಣ್ಣ ಮುಂದೆ ತಂದುಕೊಳ್ಳಲು ತುಸು ಹೊತ್ತು ಹಿಡಿಯಿತು.

ಅಡುಗೆಮನೆಗೆ ಬಂದಾಗ ಮಾವ ನಿಂತುಬಿಟ್ಟ. ಗೋಡೆಯಲ್ಲೊಂದು ಕಿಟಕಿ, ಕಿಟಕಿಯಾಚೆಯೇ ಬಾವಿ. ಒಲೆಯ ಹತ್ತಿರ ನಿಂತೇ ನೀರು ಸೇದಿಕೊಳ್ಳಬಹುದು. ನೀರೋ, ಬಗ್ಗಿದರೆ ಮುಖ ಕಾಣುವಷ್ಟು ಮೇಲೆ. ಬೆರಗಾದಾಗ ಮಾವನ ಬಾಯಿಗೆ ತೆಲುಗೇ ಬರುವುದು.

"ಏಂ ನೀಳ್ಳು ರಾ ನಾಯನಾ!" ಎಂದ, ಎಂಥಾ ನೀರಪ್ಪಾ ಎಂದು.

"ಸಮುದ್ರ ಪಕ್ಕದಲ್ಲೇ ಐತೆ, ಉಪ್ಪಿರಲ್ವಾ?" ಎಂದಳು ಅಮ್ಮ.

ಆ ಹೆಂಗಸು ನಕ್ಕು ಒಂದು ಚೊಂಬು ಸೇದಿಕೊಟ್ಟರು. "ಕುಡಿದು ನೋಡಿ ಮಾರಾಯ್ರೆ, ಸಿಹಿ ಉಂಟು." ಅಮ್ಮ ಕುಡಿದಳು. ಉಳಿದದ್ದನ್ನು ಚೆಲ್ಲಲು ಮನಸ್ಸಾಗದೆ ಅದನ್ನೂ ಕುಡಿದಳು.

ನನ್ನ ತಲೆಗೆ ಹುಳ ಹೊಕ್ಕಿತು. ಇಲ್ಲಿ ಕಾಯಿ ಏನು ಮಾಡೀತು? ಹಿತ್ತಲಲ್ಲಿ ರಾಶಿ ಬಿದ್ದಿದ್ದ ಕಾಯಿಗಳಲ್ಲಿ ಒಂದನ್ನು ಆ ಹೆಂಗಸಿನಿಂದ ಸುಲಿಸಿಕೊಂಡು ತಂದೆ. ಮಾವ ಕೈ ಹಿಂದಕ್ಕೆಳೆದುಕೊಂಡ.

"ಬ್ಯಾಡ ಕಣಮ್ಮ. ಸತ್ತಿರೋ ಕೈ ಇದು."

"ಸತ್ತೈತೋ ಇಲ್ವೋ ನೋಡೇಬಿಡೋಣ ಮಾವ. ನಮ್ಮ ಗಂಟೇನ್ ಹೋಗುತ್ತೆ?"

ಅಮ್ಮನೂ ಸೇರಿಕೊಂಡಳು. "ಹಿಡಿಯೋ, ನಂಗೂ ನೋಡ್ಬೇಕು."

ಅಂಗಳಕ್ಕಿಳಿದು ಮಾವ ಕಣ್ಣು ಮುಚ್ಚಿ ಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡ. ನಾನು ಅವನ ಮಣಿಕಟ್ಟಿನಿಂದ ಕಣ್ಣು ಕೀಳಲಿಲ್ಲ. ಒಂದೆರಡು ಹೆಜ್ಜೆ ಇಟ್ಟಿರಬೇಕು, ಕಾಯಿ ಅಲುಗಿತು, ಜುಟ್ಟು ಮೇಲೆ ಮಾಡಿ ಎದ್ದು ನಿಂತಿತು. ಮಣಿಕಟ್ಟು ಅಲುಗಿದ್ದು ನನಗೆ ಕಾಣಲಿಲ್ಲ; ಅಲುಗಿಯೇ ಇರುತ್ತದೆ, ಅದು ಬೇರೆ ಮಾತು. ತುಳಸಿಕಟ್ಟೆಯ ಹತ್ತಿರ ಎದ್ದಿತು, ಜಗಲಿಯಲ್ಲಿ ಎದ್ದಿತು, ಗೇಟಿನ ಬಳಿಯೂ ಎದ್ದಿತು. ಆ ಹೆಂಗಸು ಚಪ್ಪಾಳೆ ತಟ್ಟಿದರು. ನನಗೂ ಎಲ್ಲಿಲ್ಲದ ಖುಷಿ. ವಿಜ್ಞಾನ ಮರೆತು ಕೂಗಿದೆ, "ಕೈ ಗಟ್ಟಿಯಾಗೇ ಐತಲ್ಲ ಮಾವ!"

ಮಾವ ನಗಲಿಲ್ಲ. ಕಾಯಿಯನ್ನು ಜಗಲಿಯ ಮೇಲಿಟ್ಟು ಪಕ್ಕದಲ್ಲಿ ಕೂತ. ಅಮ್ಮ ಅವನ ಮುಖವನ್ನೇ ನೋಡುತ್ತಿದ್ದಳು.

"ಅಕ್ಕಾ," ಎಂದ, "ನನ್ನ ಕೈಯಲ್ಲೇ ದೋಷ ಅಂದ್ಕೊಂಡಿದ್ದೆ. ಒಳ್ಳೆ ಕೈಯವನು ಬಂದ್ರೆ ನಿನ್ನ ಹೊಲದಲ್ಲಿ ನೀರು ಸಿಗುತ್ತೆ ಅಂತ ಧೈರ್ಯವಾಗಿದ್ದೆ."

ಅದು ಬರೀ ಕಾಯಿ, ಅದಕ್ಕೇನೂ ಗೊತ್ತಿಲ್ಲ ಎಂದು ಹೇಳಬೇಕಿತ್ತು; ಈಗಷ್ಟೇ ಕೈ ಗಟ್ಟಿ ಎಂದು ಕೂಗಿದ್ದವಳೂ ನಾನೇ. ಅಮ್ಮ ತಮ್ಮನ ಪಕ್ಕ ಕೂತು, ಕಾಯಿಯ ನಾರು ಅಂಟಿದ್ದ ಅವನ ಅಂಗೈಯನ್ನು ಸೆರಗಿನಿಂದ ಒರೆಸಿದಳು. ಆಮೇಲೆ ನನ್ನ ಕಡೆ ತಿರುಗಿ, "ಆಂಧ್ರದೋರಿಗೆ ಬರೋದು ಬೇಡ ಅಂತ ಫೋನ್ ಮಾಡಿ ಹೇಳ್ಬಿಡು ಕಣೇ," ಎಂದಳು.