ಹದಿನಾರನೆಯವಳ ಚೆಂಡು

ವರ್ಷಕ್ಕೊಂದು ಸಲ ಗಿಣಿಯ ಮನೆಗೆ ಒಂದು ಕಂಚಿನ ಪದಕ ನೆಂಟರ ಹಾಗೆ ಬರುತ್ತಿತ್ತು. ಬಂದು ಒಂದು ತಿಂಗಳು ಫ್ರಿಜ್ಜಿನ ಪಕ್ಕದ ಮೊಳೆಗೆ ನೇತುಬಿದ್ದು, ಅಡುಗೆಮನೆಯ ಹೊಗೆ ಕುಡಿದು, ತನ್ನ ಒಡತಿಯ ಮನೆಗೆ ಹಿಂತಿರುಗುತ್ತಿತ್ತು. ಮುಂದಿನ ವರ್ಷ ಇನ್ನೊಬ್ಬಳ ಪದಕ. ಹೀಗೆ ಹದಿನಾಲ್ಕು ವರ್ಷಗಳಲ್ಲಿ ಹದಿನಾಲ್ಕು ಪದಕಗಳನ್ನು ಆ ಮೊಳೆ ಹೊತ್ತಿತ್ತು. ಗಿಣಿಗೆ ಅಂತ ಒಂದು ಪದಕ ಇರಲಿಲ್ಲ.

ಏಷ್ಯಾದ ದೇಶಗಳೆಲ್ಲ ಸೇರಿ ಆಡುವ ದೊಡ್ಡ ಕ್ರೀಡಾಕೂಟದಲ್ಲಿ ಅವರ ಹೆಂಗಸರ ಸಾಫ್ಟ್‌ಬಾಲ್ ತಂಡ ಮೂರನೆಯ ಸ್ಥಾನ ಗೆದ್ದಾಗ ಪಟ್ಟಿಯಲ್ಲಿದ್ದವರು ಹದಿನೈದು ಜನ. ಗಿಣಿ ಹದಿನಾರನೆಯವಳು. ಅವಳ ಕೊರಳಲ್ಲಿ ನೇತಾಡುತ್ತಿದ್ದ ಚೀಟಿಯಲ್ಲಿ ‘ಸಹಾಯಕಿ’ ಎಂದಿತ್ತು. ಬೆಳಗಿನಿಂದ ಬಿಸಿಲಿಳಿಯುವವರೆಗೆ ತಮ್ಮದೇ ಹುಡುಗಿಯರಿಗೆ ಚೆಂಡು ಹಾಕಿ ಬ್ಯಾಟಿನ ಅಭ್ಯಾಸ ಮಾಡಿಸುವುದು ಅವಳ ಕೆಲಸ.

ಅದೇನು ಮಹಾ ಎನ್ನಬೇಡಿ. ಸಾಫ್ಟ್‌ಬಾಲಿನಲ್ಲಿ ಚೆಂಡು ಹಾಕುವವಳು, ಅಂದರೆ ಪಿಚರ್, ಕೈಯನ್ನು ಭುಜದ ಮೇಲಿಂದ ಪೂರ್ತಿ ಒಂದು ಸುತ್ತು ತಿರುಗಿಸಿ ತೊಡೆಯ ಪಕ್ಕದಲ್ಲಿ ಚೆಂಡು ಬಿಡುತ್ತಾಳೆ. ಆ ಒಂದು ಸುತ್ತಿನಲ್ಲಿ ಒಬ್ಬೊಬ್ಬಳದು ಒಂದೊಂದು ಚಾಳಿ. ಒಬ್ಬಳು ಹಿಂಗಾಲು ಎಳೆಯುತ್ತಾಳೆ, ಒಬ್ಬಳು ಬಿಡುವ ಮುಂಚೆ ಗಲ್ಲ ಎತ್ತುತ್ತಾಳೆ. ಗಿಣಿ ಎದುರಾಳಿಗಳ ಆಟದ ವಿಡಿಯೊವನ್ನು ಹತ್ತು ಸಲ, ಹದಿನೈದು ಸಲ ನೋಡಿ, ಮಾರನೆಯ ದಿನ ಮೈದಾನದಲ್ಲಿ ಥೇಟು ಅವರೇ ಆಗಿ ನಿಲ್ಲುತ್ತಿದ್ದಳು. ಅದೇ ಕಾಲೆಳೆತ, ಅದೇ ಗಲ್ಲ, ಅದೇ ಚೆಂಡು. ಅಂದದ್ದನ್ನೇ ಅನ್ನುವ ಹಕ್ಕಿಯ ಹೆಸರು ಅವಳಿಗೆ ಅಂಟಿಕೊಂಡದ್ದು ಹಾಗೆ. ಕಂಚಿನ ಪಂದ್ಯದ ದಿನ ಎದುರಿನ ತಂಡದ ಏಳನೆಯ ನಂಬರಿನವಳು ಎದೆಮಟ್ಟಕ್ಕೆ ಏರುವ ಚೆಂಡು ಹಾಕತೊಡಗಿದಾಗ, ಬ್ಯಾಟು ಹಿಡಿದಿದ್ದವಳು ಪ್ರೇಕ್ಷಕರ ಮೆಟ್ಟಿಲ ಕಡೆ ತಿರುಗಿ, "ಗಿಣಿ, ಇದು ನಿನ್ನೆ ನೀನು ಹಾಕಿದ್ದೇ ಕಣೇ" ಎಂದು ಕೂಗಿ, ಮುಂದಿನ ಚೆಂಡನ್ನು ಬೇಲಿಯಾಚೆ ಅಟ್ಟಿದ್ದಳು.

ವಾಪಸು ಬರುವ ಬಸ್ಸಿನಲ್ಲಿ ಹದಿನೈದು ಜನ ಸೇರಿ ಒಂದು ನಿಯಮ ಮಾಡಿದರು. ವರ್ಷಕ್ಕೊಬ್ಬಳು ತನ್ನ ಪದಕವನ್ನು ಒಂದು ತಿಂಗಳು ಗಿಣಿಯ ಮನೆಯಲ್ಲಿ ಇಡಬೇಕು. ಎಲ್ಲರೂ ಚಪ್ಪಾಳೆ ತಟ್ಟಿದರು. ಬೇಡ ಎನ್ನಲು ಗಿಣಿಗೆ ನಾಲಿಗೆ ಬರಲಿಲ್ಲ. ಅಂದಿನಿಂದ ಅದು ಅವಳಿಗೆ ಬಾಯಲ್ಲಿಟ್ಟ ಬಿಸಿತುಪ್ಪ, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಪದಕವನ್ನು ಅವಳು ಒಮ್ಮೆಯೂ ಕೊರಳಿಗೆ ಹಾಕಿಕೊಂಡವಳಲ್ಲ. ಮಗಳಿಗೆ ಹಲ್ಲು ಮೂಡುತ್ತಿದ್ದ ವರ್ಷ ಬಂದ ಪದಕ ಮಾತ್ರ ಅಂಚಿನಲ್ಲಿ ಎರಡು ಸಣ್ಣ ಗುರುತುಗಳೊಂದಿಗೆ ಹಿಂತಿರುಗಿತು. ಪದಕ ಗೆದ್ದವರೆಲ್ಲ ಫೋಟೊಕ್ಕೆ ಅದನ್ನು ಕಚ್ಚಿದ ಹಾಗೆ ನಟಿಸುತ್ತಾರೆ, ನಿಜವಾಗಿ ಕಚ್ಚಿದವಳು ನನ್ನ ಮಗಳೊಬ್ಬಳೇ ಎಂದು ಗಿಣಿಯ ಗಂಡ ಕಂಡವರಿಗೆಲ್ಲ ಹೇಳಿಕೊಂಡು ನಗುತ್ತಿದ್ದ. ಅವನು ಲಿಫ್ಟು ರಿಪೇರಿ ಮಾಡುವವನು.

ಗಿಣಿಗೆ ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸ. ನೆಲಮಾಳಿಗೆಯಲ್ಲಿ ಮೂರು ದೊಡ್ಡ ಯಂತ್ರಗಳು, ಒಂದು ಇಸ್ತ್ರಿ ಉರುಳೆ, ಗೋಡೆಯುದ್ದಕ್ಕೂ ವಾರ್ಡಿನ ನಂಬರು ಬರೆದ ಗೂಡುಗಳು. ಒಗೆದ ಚಾದರಗಳು ಯಂತ್ರದೊಳಗೆ ಹಗ್ಗದಂತೆ ಹೊಸೆದುಕೊಂಡಿರುತ್ತವೆ. ಉಳಿದವರು ಇಬ್ಬಿಬ್ಬರು ನಿಂತು ಬಿಡಿಸಿದರೆ ಗಿಣಿ ಒಂದು ತುದಿ ಹಿಡಿದು, ಕೆಳಗಿನಿಂದ ಬೀಸಿ, ಕೊನೆಗೆ ಮಣಿಕಟ್ಟನ್ನು ಹೊರಗೆ ತಿರುಗಿಸಿ ಒಮ್ಮೆ ಝಾಡಿಸುತ್ತಾಳೆ. ಚಾದರ ಪಟ್ಟೆಂದು ಬಿಚ್ಚಿಕೊಂಡು ಮೇಜಿನ ಮೇಲೆ ಮಲಗುತ್ತದೆ. ದಿನಕ್ಕೆ ಇನ್ನೂರು ಚಾದರ, ಹದಿನಾಲ್ಕು ವರ್ಷ. ಹಳೆಯ ಚಾಳಿಯೂ ಹೋಗಿಲ್ಲ. ದೊಡ್ಡ ನರ್ಸಮ್ಮ ಬಾಗಿಲಲ್ಲಿ ನಿಂತು ದಿಂಬಿನ ಚೀಲ ಎಣಿಸುವ ಪರಿಯನ್ನು ಅವಳು ಮಾಡಿ ತೋರಿಸಿದರೆ ಜೊತೆಯವರು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ಎಲ್ಲರ ಹಾಗೂ ಇರಬಲ್ಲವಳು ಅವಳು. ತಾನು ಯಾರ ಹಾಗಿದ್ದೇನೆ ಎಂಬ ಯೋಚನೆ ಮಾಡಲು ಪುರುಸೊತ್ತು ಇರಲಿಲ್ಲ. ಇದ್ದಾಗಲೂ ಮಾಡಲಿಲ್ಲ, ಯಾಕೆಂದರೆ ಅದರ ಬುಡದಲ್ಲಿ ಒಂದು ಮುಳ್ಳಿತ್ತು. ಕೈ ಸಾಲದೆ ತನ್ನನ್ನು ಪಟ್ಟಿಯಿಂದ ಬಿಟ್ಟರು ಎಂದು ಅವಳು ನಂಬಿದ್ದಳು.

ಹದಿನೈದನೆಯ ವರ್ಷ ಆ ಮುಳ್ಳನ್ನು ತುಳಿದವಳು ಮಗಳು. ಅವಳಿಗೀಗ ಹದಿನಾಲ್ಕು. ಶಾಲೆಯಿಂದ ಬಂದವಳೇ ಚೀಲ ಎಸೆದು ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ಅಮ್ಮ, ನೀನು ಆ ಟೀಮಲ್ಲಿ ಆಡಿದ್ಯಾ, ಇಲ್ವಾ?"

"ಯಾಕೆ?"

"ನಮ್ಮಮ್ಮ ಮೆಡಲ್ ಗೆದ್ದವಳು ಅಂತ ಹೇಳ್ಕೊಂಡಿದ್ದೆ. ನನ್ನ ಪಕ್ಕ ಕೂರೋಳು ಇಂಟರ್ನೆಟ್ಟಲ್ಲಿ ಪಟ್ಟಿ ತೆಗೆದಳು. ಹದಿನೈದು ಹೆಸರಿದೆ. ನಿಂದಿಲ್ಲ. ಕ್ಲಾಸಿಗೆ ಕ್ಲಾಸೇ ನಕ್ಕಿತು."

ಗಿಣಿ ಒಲೆ ಆರಿಸಿದಳು. "ನಾನು ಚೆಂಡು ಹಾಕ್ತಿದ್ದೆ."

"ಯಾರಿಗೆ?"

"ನಮ್ಮವರಿಗೇ."

"ಎದುರು ಟೀಮಿನವರಿಗೆ ಒಂದೂ ಹಾಕಿಲ್ವಾ?"

"ಒಂದೂ ಇಲ್ಲ."

ಮಗಳ ಕಣ್ಣು ತುಂಬಿತು. "ಹಾಗಾದ್ರೆ ಈ ಸಲ ಅದನ್ನ ಇಲ್ಲಿ ನೇತುಹಾಕ್ಬೇಡ" ಎಂದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಮೂರು ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು. "ಲಿಫ್ಟಲ್ಲಿ ಸಿಕ್ಕಿಹಾಕಿಕೊಂಡವರನ್ನ ಸಮಾಧಾನ ಮಾಡೋದು ನನಗೆ ಗೊತ್ತು, ನಿಮ್ಮಿಬ್ಬರ ಮಧ್ಯೆ ಸಿಕ್ಕಿಹಾಕಿಕೊಂಡವನನ್ನ ಯಾರು ಮಾಡ್ತಾರೆ" ಎಂದ ಗಂಡ. ಯಾರೂ ನಗಲಿಲ್ಲ. ಗಿಣಿಗೆ ಮಗಳ ಮೇಲೆ ಸಿಟ್ಟಿರಲಿಲ್ಲ. ಮಗಳು ಕೇಳಿದ್ದು ಸರಿಯಾಗಿಯೇ ಇತ್ತು, ಅದೇ ನೋವು.

ಭಾನುವಾರ ಬೆಳಿಗ್ಗೆ ಕ್ಯಾಪ್ಟನ್ ಬಂದಳು. ಸರದಿಯಲ್ಲಿ ಕೊನೆಯವಳು. ತಂಡದವರಿಗೆಲ್ಲ ಅವಳು ದೊಡ್ಡಕ್ಕ. ಆಡುವಾಗ ಬ್ಯಾಟಿನವಳ ಹಿಂದೆ ಕುಕ್ಕರಗಾಲಲ್ಲಿ ಕೂತು ಚೆಂಡು ಹಿಡಿಯುತ್ತಿದ್ದವಳು, ಈಗ ಒಂದು ಮೊಣಕಾಲಿಗೆ ಪಟ್ಟಿ ಕಟ್ಟಿಕೊಂಡು ಕಾಲೇಜು ಹುಡುಗಿಯರಿಗೆ ತರಬೇತಿ ಕೊಡುತ್ತಾಳೆ. ಕೂತವಳೇ ಕೈಚೀಲದಿಂದ ಪದಕ ತೆಗೆದಳು.

"ಅಕ್ಕ, ಬೇಡ. ವಾಪಸು ತಗೊಂಡು ಹೋಗು" ಎಂದಳು ಗಿಣಿ.

"ಯಾಕೆ? ಹದಿನಾಲ್ಕು ಜನರದ್ದು ಇಟ್ಕೊಂಡೆ, ನಂದು ಮುಳ್ಳಾಯ್ತಾ?"

"ಎಲ್ಲರದ್ದೂ ಮುಳ್ಳೇ. ಹೇಳಿರ್ಲಿಲ್ಲ ಅಷ್ಟೇ. ಒಂದು ಕೇಳ್ತೀನಿ, ನಿಜ ಹೇಳು. ನನ್ನ ಕೈ ಅಷ್ಟು ಕೆಟ್ಟದಾಗಿತ್ತಾ?"

ದೊಡ್ಡಕ್ಕ ಪದಕದ ದಾರವನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡರು ಅನ್ನುತ್ತಾರಲ್ಲ, ಹಾಗಿತ್ತು ಅವಳ ಮುಖ.

"ಕೋಚ್ ನನ್ನ ಕೇಳಿದ್ರು ಕಣೇ. ಎರಡನೇ ಪಿಚರ್ ಆಗಿ ನಿನ್ನ ತಗೊಳ್ಳೋದಾ, ಇನ್ನೊಬ್ಬಳನ್ನಾ ಅಂತ. ನಿನ್ನ ಕೈ ಅವಳಿಗಿಂತ ಚೆನ್ನಾಗಿತ್ತು. ಆದ್ರೆ ನಿನ್ನ ಹೆಸರು ಪಟ್ಟಿಗೆ ಹೋದ್ರೆ ಪಂದ್ಯಕ್ಕೆ ಅಂತ ನಿನ್ನ ಕೈಗೆ ರೆಸ್ಟ್ ಕೊಡ್ಬೇಕು. ಆಗ ನಮಗೆ ಆ ಏಳನೇ ನಂಬರಿನವಳ ಹಾಗೆ ಯಾರು ಹಾಕ್ತಾರೆ? ಗಿಣಿ ಹೊರಗೇ ಇರಲಿ ಅಂದೆ. ಅಂದವಳು ನಾನೇ." ಅವಳ ದನಿ ತಗ್ಗಿತು. "ಬಸ್ಸಲ್ಲಿ ಆ ನಿಯಮ ಮಾಡಿಸಿದ್ದೂ ನಾನೇ. ನನ್ನ ಸರದಿ ಕೊನೆಗೆ ಇಟ್ಕೊಂಡೆ. ಹೇಳಕ್ಕೆ ಧೈರ್ಯ ಬರ್ಲಿ ಅಂತ."

ಗಿಣಿಗೆ ಸಿಟ್ಟು ಬಂತು. ಸಣ್ಣ ಸಿಟ್ಟಲ್ಲ, ಹದಿನೈದು ವರ್ಷ ತಡವಾಗಿ ಬಂದ ಸಿಟ್ಟು. ತನ್ನ ಕೈಯನ್ನು ತಾನೇ ಕೀಳು ಮಾಡಿಕೊಂಡು ಕಳೆದ ದಿನಗಳೆಲ್ಲ ಒಟ್ಟಿಗೆ ಎದ್ದು ನಿಂತವು. ಆ ಸಿಟ್ಟಿನ ಅಡಿಯಲ್ಲೇ ಒಂದು ಸಂತೋಷವೂ ಇತ್ತು, ಅದು ಅವಳಿಗೆ ನಾಚಿಕೆ ತಂದಿತು. ಕೈ ಚೆನ್ನಾಗಿತ್ತಂತೆ. ಅವಳು ಎದ್ದು ಲಾಂಡ್ರಿಯ ರಬ್ಬರ್ ಶೂ ಹಾಕಿಕೊಳ್ಳತೊಡಗಿದಳು.

"ಎಲ್ಲಿಗೆ ಹೊರಟೆ?"

"ನಿನ್ನ ಹುಡುಗಿಯರು ಈಗ ಮೈದಾನದಲ್ಲಿ ಇರ್ತಾರಲ್ಲ, ಅಲ್ಲಿಗೆ. ನೀನು ಹೇಳಿದ್ದು ಕೇಳಿದ್ದಾಯ್ತು. ನಾನು ನೋಡ್ಬೇಕು."

ಕೋಣೆಯ ಬಾಗಿಲು ತೆರೆಯಿತು. ಮಗಳು ಎಲ್ಲವನ್ನೂ ಕೇಳಿಸಿಕೊಂಡಿದ್ದಳು ಎಂದು ಅವಳ ಮುಖವೇ ಹೇಳುತ್ತಿತ್ತು. "ನಾನೂ ಬರ್ತೀನಿ" ಎಂದಳು.

ಕಾಲೇಜಿನ ಮೈದಾನದಲ್ಲಿ ಹನ್ನೆರಡು ಹುಡುಗಿಯರು ಓಡುತ್ತಿದ್ದರು. ದೊಡ್ಡಕ್ಕ ತನ್ನ ತಂಡದ ಅತಿ ಚೂಟಿ ಬ್ಯಾಟಿನವಳನ್ನು ಕರೆದು ನಿಲ್ಲಿಸಿದಳು. ತಾನೇ ಗ್ಲೌಸ್ ಹಾಕಿಕೊಂಡು ಅಯ್ಯೋ ಅಮ್ಮಾ ಎನ್ನುತ್ತ ಹಿಂದೆ ಕುಕ್ಕರಿಸಿದಳು. ಮಗಳು ಬಲೆಯ ಪಕ್ಕ ನಿಂತಳು. ಗಿಣಿ ಚೆಂಡು ಹಿಡಿದು, ಗಲ್ಲ ಎತ್ತಿ, ಕೈ ಸುತ್ತಿ ಬಿಟ್ಟಳು. ಹುಡುಗಿ ಹೊಡೆದಳು. ಇನ್ನೊಂದು, ಅದನ್ನೂ ಹೊಡೆದಳು. ಐದಕ್ಕೆ ಐದೂ ಹೋದವು. ಗಿಣಿ ಮಗಳ ಕಡೆ ನೋಡಲಿಲ್ಲ. ಬೆವರು ಕಣ್ಣಿಗಿಳಿಯಿತು. ಬಾಯಿಬಿಟ್ಟು ಬಣ್ಣಗೇಡಾದೆ, ಮನೆಯಲ್ಲೇ ಇರಬೇಕಿತ್ತು ಎನಿಸಿತು.

"ಯಾರ ಥರ ಹಾಕ್ತಿದ್ದೀಯ?" ಎಂದು ದೊಡ್ಡಕ್ಕ ಕೂತಲ್ಲಿಂದಲೇ ಕೇಳಿದಳು.

ಗಿಣಿಗೆ ಆಗ ಗೊತ್ತಾಯಿತು. "ಅವಳ ಥರ. ಏಳನೇ ನಂಬರಿನವಳ ಥರ."

"ಅದು ಹೊಡೆಸಿಕೊಳ್ಳೋಕೆ ಅಂತ ಕಲಿತ ಚೆಂಡು ಕಣೇ. ನಿಂದು ಹಾಕು."

ನನ್ನದು ಯಾವುದು? ಗಿಣಿ ಚೆಂಡನ್ನು ತಿರುಗಿಸುತ್ತ ನಿಂತಳು. ನೆನಪು ಕೆದಕಿದರೆ ಬಂದದ್ದೆಲ್ಲ ಬೇರೆಯವರ ಕಾಲು, ಬೇರೆಯವರ ಸೊಂಟ, ಬೇರೆಯವರ ಭುಜ. ಹುಡುಗಿಯರು ಮುಖ ಮುಖ ನೋಡಿಕೊಂಡರು. ಬಲೆಯ ಪಕ್ಕದಿಂದ ಮಗಳ ದನಿ ಬಂತು, ಮೂರು ದಿನಗಳಲ್ಲಿ ಅವಳು ಅಮ್ಮ ಎಂದು ಕರೆದು ಆಡಿದ ಮೊದಲ ಮಾತು. "ಅಮ್ಮ, ನಿಧಾನ ಮಾಡು. ಯಾರೂ ಓಡಿಸ್ಕೊಂಡು ಬಂದಿಲ್ಲ."

ಗಿಣಿ ಯೋಚನೆ ಬಿಟ್ಟಳು. ಬಿಟ್ಟ ಮೇಲೆ ಕೈಗೆ ಗೊತ್ತಿದ್ದದ್ದು ಒಂದೇ. ದಿನಕ್ಕೆ ಇನ್ನೂರು ಸಲ ಮಾಡಿದ್ದು, ಯಾರ ವಿಡಿಯೊದಲ್ಲೂ ನೋಡದ್ದು, ಯಾರೂ ಹೇಳಿಕೊಡದ್ದು. ಕೈ ಸುತ್ತಿ ಬಂತು, ತೊಡೆ ದಾಟಿತು, ಕೊನೆಯ ಗಳಿಗೆಯಲ್ಲಿ ಮಣಿಕಟ್ಟು ಹೊರಗೆ ತಿರುಗಿ, ಒದ್ದೆ ಚಾದರವನ್ನು ಝಾಡಿಸಿದ ಹಾಗೆ ಚೆಂಡನ್ನು ಝಾಡಿಸಿತು.

ಚೆಂಡು ನೇರವಾಗಿ ಹೊರಟಿತು. ಬ್ಯಾಟು ಬೀಸುವ ಹೊತ್ತಿಗೆ ಮನಸ್ಸು ಬದಲಾಯಿಸಿ ಪಕ್ಕಕ್ಕೆ ಸರಿದು ಕೆಳಗಿಳಿಯಿತು. ಹುಡುಗಿ ಗಾಳಿಗೆ ಹೊಡೆದು ಒಂದು ಸುತ್ತು ತಿರುಗಿದಳು. ಏಷ್ಯಾದ ಚೆಂಡುಗಳನ್ನೆಲ್ಲ ಹಿಡಿದ ದೊಡ್ಡಕ್ಕನಿಗೂ ಅದು ಸಿಗಲಿಲ್ಲ, ಒಳ್ಳೆಯ ಮೊಣಕಾಲಿಗೇ ಬಡಿದು ಬಲೆಯ ಕಡೆ ಉರುಳಿತು. ಅವಳು ಕಾಲು ಹಿಡಿದುಕೊಂಡು ನೆಲದ ಮೇಲೆ ಕೂತೇ ಬಿಟ್ಟಳು. ನೋವಿಗೋ ನಗುವಿಗೋ ಅವಳ ಕಣ್ಣಲ್ಲಿ ನೀರಿತ್ತು.

"ಇದು ಯಾರದೇ? ಇಂಥದ್ದು ನಾನು ಎಲ್ಲೂ ನೋಡಿಲ್ಲ. ಯಾರ ಚೆಂಡು ಇದು?"

ಗಿಣಿ ಉತ್ತರ ಕೊಡುವ ಮುಂಚೆ ಮಗಳು ಬಗ್ಗಿ ಚೆಂಡು ಎತ್ತಿಕೊಂಡಿದ್ದಳು. ಅದನ್ನು ಎರಡೂ ಕೈಯಲ್ಲಿ ಹಿಡಿದು ಮೈದಾನದ ನಡುವೆ ನಡೆದು ಬಂದಳು.

"ನಮ್ಮಮ್ಮಂದು" ಎಂದಳು.

ಗಿಣಿ ಚೆಂಡು ಈಸಿಕೊಳ್ಳುವಾಗ ಮಗಳ ಕೈಯನ್ನೂ ಸ್ವಲ್ಪ ಹೊತ್ತು ಹಿಡಿದುಕೊಂಡಳು. ದೊಡ್ಡಕ್ಕನ ಮೇಲಿನ ಸಿಟ್ಟು ಪೂರ್ತಿ ಹೋಗಿರಲಿಲ್ಲ. ಅದಕ್ಕೂ ದಿನ ಬೇಕು, ಇರಲಿ ಎಂದುಕೊಂಡಳು. ಇನ್ನೊಂದು ಹಾಕಲೆಂದು ತಿರುಗಿದರೆ, ಅಲ್ಲಿ ಆ ತಂಡದ ಪಿಚರ್ ಹುಡುಗಿ ಖಾಲಿ ಕೈ ಸುತ್ತುತ್ತಿದ್ದಳು. ಗಿಣಿಯನ್ನೇ ನೋಡುತ್ತ ಅವಳ ಹಾಗೆಯೇ ಕಾಲಿಟ್ಟು, ಅವಳ ಹಾಗೆಯೇ ಮಣಿಕಟ್ಟು ತಿರುಗಿಸಲು ನೋಡಿ, ತಪ್ಪಿ, ಮತ್ತೆ ಮಾಡುತ್ತಿದ್ದಳು.

ಗಿಣಿ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹತ್ತಿರ ಹೋಗಿ ಹುಡುಗಿಯ ಕೈ ಹಿಡಿದುಕೊಂಡಳು.

"ಹಾಗಲ್ಲಮ್ಮ," ಎಂದಳು, "ನಾನು ಮಾಡೋದು ಹೀಗೆ."