ಹದಿಮೂರು ನಿಯಮ ಓದಿಸುವ ಅಕ್ಕ

ಮೊದಲ ಸಲ ಕಂಡಾಗ ಆಕೆ ನನಗೆ ಹೆಣ್ಣು ಕೊಡಲು ಬಂದವರೆಂದೇ ತಿಳಿದಿದ್ದೆ. ಹಾಸಿಗೆ ಹೊತ್ತು ಅಪಾರ್ಟ್‌ಮೆಂಟಿನ ಮೆಟ್ಟಿಲ ಬುಡದಲ್ಲಿ ಏದುಸಿರು ಬಿಡುತ್ತಿದ್ದೆ. ಅರವತ್ತು ದಾಟಿದ ಹೆಂಗಸೊಬ್ಬರು ಕುರ್ಚಿ ಎಳೆದು ಕೂರಿಸಿ, ಎಲ್ಲಿ ಕೆಲಸ, ಮನೆಯಲ್ಲಿ ಎಷ್ಟು ಜನ, ಕುಡಿತ ಉಂಟೇ, ಸ್ನೇಹಿತರು ಜಾಸ್ತಿಯೇ ಎಂದು ಒಂದೊಂದಾಗಿ ಕೇಳಿದರು. ನಾನು ಬೆವರು ಒರೆಸಿಕೊಂಡು, ಕೆಲಸವನ್ನು ತುಸು ಉಬ್ಬಿಸಿ, ಸ್ನೇಹಿತರನ್ನೆಲ್ಲ ಕೂತಲ್ಲೇ ಕೈಬಿಟ್ಟು, "ಅಡುಗೆಯನ್ನೂ ಮಾಡ್ತೀನಿ" ಎಂದೆ.

"ಮಾಡ್ಕೋ. ಗೋಡೆಗೆ ಮೊಳೆ ಮಾತ್ರ ಹೊಡೀಬೇಡ" ಎಂದು ಆಕೆ ತಲೆ ಎತ್ತದೆ ಬರೆದುಕೊಂಡರು. ಅದು ಬಾಡಿಗೆದಾರರ ಅರ್ಜಿ. ಆಕೆ ನಿವಾಸಿಗಳ ಸಂಘದ ಕಾರ್ಯದರ್ಶಿ, ಎಲ್ಲರ ಬಾಯಲ್ಲೂ ಅಕ್ಕ. ಆಕೆಗೆ ಮಗಳೇ ಇರಲಿಲ್ಲ.

ಮೂವತ್ತು ವರ್ಷ ಆಸ್ಪತ್ರೆಯೊಂದರಲ್ಲಿ ಆಪರೇಷನ್ನಿಗೆ ಮುಂಚೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಅಕ್ಕನ ಕೆಲಸವಾಗಿತ್ತು. ಓದದೆ ಸಹಿ ಹಾಕಿ, ಆಮೇಲೆ ಯಾರೂ ಹೇಳಲಿಲ್ಲವೆಂದು ಗೋಳಾಡುವವರನ್ನು ಕಂಡು ಆಕೆಗೆ ಸಾಕಾಗಿತ್ತು. ಹಾಗಾಗಿ ಇಲ್ಲಿ ಒಂದು ಪದ್ಧತಿ ಮಾಡಿದ್ದರು: ಮನೆ ಬಾಡಿಗೆಗೆ ಕೊಡುವ ಮಾಲೀಕ ಗೇಟಿನ ಪಕ್ಕದ ಮೇಜಿಗೆ ಬಂದು, ಬಾಡಿಗೆದಾರನ ಎದುರು ಕೂತು, ಹದಿಮೂರು ನಿಯಮವನ್ನೂ ಗಟ್ಟಿಯಾಗಿ ಓದಬೇಕು. ನಲ್ಲಿ ಸೋರಿದರೆ ಮಾಲೀಕನೇ ಹೊಣೆ, ಬಾಡಿಗೆದಾರ ಗಲಾಟೆ ಮಾಡಿದರೂ ಮಾಲೀಕನೇ ಹೊಣೆ, ನೆಂಟರು ಏಳು ದಿನಕ್ಕಿಂತ ಹೆಚ್ಚು ಇರುವಂತಿಲ್ಲ, ಹೀಗೆ.

ನನ್ನ ಮಾಲೀಕ ಅಕ್ಕನ ಒಬ್ಬನೇ ತಮ್ಮ. ಕನ್ನಡಕದ ಅಂಗಡಿ ಇಟ್ಟವನು. ಓದುವ ದಿನ "ಕನ್ನಡಕ ಮರೆತು ಬಂದೆ" ಎಂದ. ಅಕ್ಕ ತಮ್ಮದನ್ನೇ ಕಳಚಿ ಕೊಟ್ಟರು. ಪಾಪ, ಆಕಳಿಸುತ್ತಾ ಹದಿಮೂರನ್ನೂ ಓದಿದ.

ಅಂದಿನಿಂದ ನನಗೂ ಅಕ್ಕನಿಗೂ ಎಣ್ಣೆ ಸೀಗೆಕಾಯಿ. ಬಾಲ್ಕನಿಯ ಕಂಬಿಯ ಮೇಲೆ ಟವೆಲ್ ಹಾಕಿದರೆ ನೋಟಿಸು. ಬಾಗಿಲಾಚೆ ಚಪ್ಪಲಿ ಬಿಟ್ಟರೆ ನೋಟಿಸು. ಚಿಕ್ಕಪ್ಪನ ಮಗ ಬಂದು ಉಳಿದಾಗ ಎಂಟನೇ ದಿನ ಬೆಳಿಗ್ಗೆ ಕರೆಗಂಟೆ ಒತ್ತಿ, "ಇವನ ವಾರ ಮುಗೀತು" ಎಂದರು. ಅವನು ಇನ್ನೂ ಹಲ್ಲುಜ್ಜುತ್ತಿದ್ದ. ನಾನು ಎದುರಿಗೆ "ಸರಿ ಅಕ್ಕ" ಅನ್ನುತ್ತಿದ್ದೆ. ಲಿಫ್ಟಿನ ಬಾಗಿಲು ಮುಚ್ಚಿದ ಮೇಲೆ ಮಹಾಶೂರನಂತೆ ಶಪಿಸುತ್ತಿದ್ದೆ.

ಕರಾರಿನಲ್ಲಿ ಇನ್ನೂ ಏಳು ತಿಂಗಳಿತ್ತು. ಒಂದು ದಿನ ಮಾಲೀಕ ಫೋನ್ ಮಾಡಿ, ಈ ವಾರವೇ ಮನೆ ಬಿಡು, ಇನ್ನು ಪ್ರವಾಸಿಗಳಿಗೆ ದಿನದ ಲೆಕ್ಕದಲ್ಲಿ ಕೊಡುತ್ತೇನೆ ಎಂದ. ಬೇರೆ ಮನೆ ಹುಡುಕುವಷ್ಟು ಬಿಡುವೂ ಇಲ್ಲ, ಜಗಳವಾಡುವಷ್ಟು ಎದೆಯೂ ಇಲ್ಲ. "ನೋಡೋಣ ಸಾರ್" ಎಂದೆ. ಅವನು ಅದನ್ನೇ ಒಪ್ಪಿಗೆ ಎಂದುಕೊಂಡ.

ನಾಲ್ಕನೇ ದಿನ ಸಂಜೆ ಕೆಲಸದಿಂದ ಬರುವಾಗ ಲಿಫ್ಟಿನ ಮುಂದೆ ಚಕ್ರದ ಸೂಟ್‌ಕೇಸು ಹಿಡಿದ ಗಂಡ ಹೆಂಡತಿ ನಿಂತಿದ್ದರು. ಪಕ್ಕದಲ್ಲಿ ಬೀಗದ ಕೈ ಹಿಡಿದ ಮಾಲೀಕ. ಲಿಫ್ಟಿಗೆ ಅಡ್ಡಲಾಗಿ ಅಕ್ಕ.

"ಇವರು ಯಾರೋ?"

"ನಮ್ಮ ಗೆಸ್ಟು ಅಕ್ಕ. ಎರಡು ದಿನ ಇರ್ತಾರೆ."

"ಹೆಸರು ಹೇಳು."

ಮಾಲೀಕ ಅವರ ಹೆಸರಿಗಾಗಿ ಫೋನ್ ತೆಗೆದು ಹುಡುಕತೊಡಗಿದ. ನಾನು ಹಿಂದಿನಿಂದ, "ಮನೇಲಿ ನನ್ನ ಬಟ್ಟೆ ಒಣಗ್ತಿದೆ" ಎಂದೆ. ಆ ಹೋರಾಟದಲ್ಲಿ ನನ್ನ ಕೊಡುಗೆ ಅಷ್ಟೇ.

"ಇವನನ್ನ ಬಿಡಿಸ್ತಿದೀನಿ ಬಿಡು. ನೀನೇ ವಾರಕ್ಕೆರಡು ಸಲ ಬೈತೀಯಲ್ಲ ಇವನನ್ನ."

"ಬೈತೀನಿ. ಬೈಯೋದು ಬೇರೆ, ಬಿಡಿಸೋದು ಬೇರೆ. ಒಂಬತ್ತನೇದು ಓದು."

"ಅಕ್ಕ, ಜನ ನೋಡ್ತಿದಾರೆ."

"ಗಟ್ಟಿಯಾಗಿ ಓದು. ಇವತ್ತೂ ಕನ್ನಡಕ ಮರೆತ್ಯಾ?"

ಅವನು ಗೋಡೆಯ ಮೇಲಿನ ನಿಯಮಗಳ ಫಲಕ ನೋಡಿ ಗೊಣಗಿದ: ಆರು ತಿಂಗಳಿಗಿಂತ ಕಡಿಮೆ ಅವಧಿಗೆ ಮನೆ ಕೊಡುವಂತಿಲ್ಲ, ಕರಾರು ಮುಗಿಯುವ ಮುನ್ನ, ತಕ್ಕ ಕಾರಣವಿಲ್ಲದೆ, ಬಾಡಿಗೆದಾರನನ್ನು ಹೊರಹಾಕುವಂತಿಲ್ಲ.

ಓದಿ ಮುಗಿಸಿದವನ ಮುಖ ಕೆಂಪಾಗಿತ್ತು. "ನಿನಗೆ ಆಪರೇಷನ್ ಆದಾಗ ಹದಿನೈದು ದಿನ ವಾರ್ಡಿನ ಬಾಗಿಲಲ್ಲಿ ಕೂತಿದ್ದು ಯಾರು?"

"ನೀನು."

"ಅದಕ್ಕೆ ಇದಾ?"

"ಅದಕ್ಕೆ ಇದಲ್ಲ. ಇದು ಒಂಬತ್ತನೇದಕ್ಕೆ."

"ಹಾಗಾದ್ರೆ ಇನ್ನು ನಿನ್ನ ಹೊಸಿಲು ತುಳಿಯಲ್ಲ."

ಸೂಟ್‌ಕೇಸುಗಳು ಗಡಗಡ ಸದ್ದು ಮಾಡುತ್ತಾ ಗೇಟಿನಾಚೆ ಹೋದವು. ಅವುಗಳ ಹಿಂದೆ ತಮ್ಮನೂ ಹೋದ. ಪ್ರತಿ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಬರುತ್ತಿದ್ದವನು ಮುಂದಿನ ನಾಲ್ಕು ಭಾನುವಾರ ಬರಲಿಲ್ಲ. ಐದನೆಯ ಭಾನುವಾರ ಮನಸ್ಸು ತಡೆಯದೆ ಅಕ್ಕನ ಬಾಗಿಲು ತಟ್ಟಿದೆ; ಬಾಯಲ್ಲಿ ತುತ್ತಿಟ್ಟುಕೊಂಡೇ ತೆರೆದರು. ಮೇಜಿನ ಮೇಲೆ ಎರಡು ತಟ್ಟೆ ಇದ್ದವು, ಒಂದು ಬೋರಲಾಗಿತ್ತು. ಆಕೆ ಒಬ್ಬರೇ ಉಣ್ಣುತ್ತಿದ್ದರು. ಒಳಗೆ ಕರೆಯಲಿಲ್ಲ.

ಥ್ಯಾಂಕ್ಸ್ ಹೇಳಲು ಹೋದವನು ಕೇಳಬಾರದ್ದನ್ನೇ ಕೇಳಿಬಿಟ್ಟೆ: "ನನ್ನಂಥವನಿಗಾಗಿ ಒಡಹುಟ್ಟಿದವನನ್ನೇ ದೂರ ಮಾಡ್ಕೊಂಡ್ರಲ್ಲ, ಬೇಜಾರಾಗಲ್ವಾ ಅಕ್ಕ?"

ಆಕೆ ತುತ್ತು ನುಂಗಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಆಗತ್ತೆ. ನನಗೆ ಬೇಕಾದವನು ಅವನು, ನೀನಲ್ಲ. ಆದ್ರೆ ಕರಾರಲ್ಲಿ ಇರೋದು ನಿನ್ನ ಹೆಸರು. ಏನ್ ಮಾಡ್ಲಿ?"