ನೆಲಕ್ಕಿಳಿಯದ ನೌಕೆ

ಇವತ್ತು ಹೊಸ ಆಕಾಶನೌಕೆಯ ಮಾದರಿಗೆ ರೆಕ್ಕೆ ಅಂಟಿಸುವಾಗ, ಗೋಂದಿನ ವಾಸನೆ ನನ್ನನ್ನು ಸೀದಾ ಗಜೇಂದ್ರಗಡದ ನಮ್ಮ ಮಗ್ಗದ ಕೋಣೆಗೆ ಎಳೆದೊಯ್ದಿತು.

ನನ್ನ ಮೊದಲ ನೌಕೆ ಹುಟ್ಟಿದ್ದು ಅಪ್ಪನ ಮಗ್ಗದ ಸವೆದ ಲಾಳಿಯಿಂದ. ನೂಲು ಸುತ್ತುವ ಖಾಲಿ ಕಂಡಿಕೆಗಳೇ ಅದರ ಇಂಜಿನ್. ಅದು ಇಳಿಯಬೇಕಾದ ಗ್ರಹವನ್ನು ಜಕ್ಕಲಿಯ ಅತ್ತೆಯ ಹೊಲದ ಎರೆಮಣ್ಣಿನಿಂದ ಹಲಗೆಯ ಮೇಲೆ ಮಾಡಿದ್ದೆ. ಒಣಗಿ ಬಿರುಕು ಬಿಟ್ಟಾಗ ಅದು ಇನ್ನೂ ಚಂದವಾಯಿತು.

ಮನೆಗೆ ಬಂದವರೆಲ್ಲ ಹೊಗಳಿದರು. ನನಗೆ ಬೇಕಿದ್ದದ್ದು ಅಪ್ಪನ ಮಾತು. ಯಾರು ಸೀರೆ ತೋರಿಸಿದರೂ ಅಪ್ಪ ಮೊದಲು ಮಗುಚಿ ಹಿಂಬದಿ ನೋಡುವವರು. ನೌಕೆಯನ್ನೂ ಹಾಗೆಯೇ ಮಗುಚಿದರು. ತಳದಲ್ಲೂ ನಾನು ಕೊಳವೆ, ಮೊಳೆ, ಗೆರೆ ಯಾವುದನ್ನೂ ಬಿಟ್ಟಿರಲಿಲ್ಲ. ಹೆಬ್ಬೆರಳು ಆಡಿಸಿ ನೋಡಿದ ಅಪ್ಪ, ಪಕ್ಕದ ಮಗ್ಗದ ಕಾಕಾನನ್ನು ಕೂಗಿದರು.

"ಇಲ್ಲಿ ಬರ್ರಿ, ನನ್ನ ಮಗಳು ಹಿಂದಿನ ಮಗ್ಗಲಾನೂ ಬಿಟ್ಟಿಲ್ಲ ನೋಡ್ರಿ!"

ನೌಕೆಯನ್ನು ಗ್ರಹದ ಮೇಲೆ ಕೂರಿಸಲು ನಾನು ಗೋಂದು ತೆಗೆದೆ. ಅಪ್ಪ ಕೈ ಹಿಡಿದರು.

"ನೆಲಕ್ಕ ಅಂಟಸಬ್ಯಾಡವ್ವ, ತಳ ಮುಚ್ಚತೈತಿ."

ಮಗ್ಗದ ತೊಲೆಗೆ ರೇಷ್ಮೆ ಎಳೆ ಕಟ್ಟಿ, ನೌಕೆಯನ್ನು ಗ್ರಹದ ಮೇಲೆ ತಾವೇ ತೂಗುಬಿಟ್ಟರು.

"ನಿಮ್ಮ ನೌಕೆಗಳು ಯಾಕೆ ನೆಲಕ್ಕೆ ಇಳಿಯೋದೇ ಇಲ್ಲ?" ಎಂದು ನೋಡಿದವರು ಈಗಲೂ ಕೇಳುತ್ತಾರೆ.

"ಬಗ್ಗಿ, ಕೆಳಗಿನಿಂದ ನೋಡಿ," ಎನ್ನುತ್ತೇನೆ.